ಒಂದು ವಠಾರ, ಹಲವು ಸಂಸಾರ

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

ಪರ್ತ್ ಮತ್ತು ಬ್ರಿಸ್ಬೇನ್‌ಗಳಿಂದ ಅಡಿಲೇಡಿಗೆ ಬಂದಿರುವ ಅತಿಥಿಗಳೆ, ಕನ್ನಡ ಬಂಧುಗಳೆ,

ಊಟಕ್ಕೆ ಮುಂಚೆ ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಗಣಕಯಂತ್ರದ ವಿಷಯವೆಂದು ಯಾರೂ ಗಾಬರಿಯಾಗಬೇಡಿ. ನಾನು ಹೇಳಹೊರಟಿರುವುದು ವಠಾರದ ಕತೆ.

ನಮ್ಮಲ್ಲಿ ಹಲವರು ಬೆಂಗಳೂರು, ಮೈಸೂರುಗಳ ವಠಾರಗಳಲ್ಲಿ ಬೆಳೆದವರು. ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು; ಒಳಗೆ ಆರೇಳು ಸಂಸಾರ. ಅಂಚೆಯವನು ಬಾಗಿಲಲ್ಲಿ ನಿಂತು ಹೆಸರು ಕೂಗಿದರೆ ಸಾಕು, ಕಾಗದ ಸರಿಯಾದ ಮನೆಗೇ ಸೇರುತ್ತಿತ್ತು. ಮನೆಯ ಒಂದೇ ಯಂತ್ರದಲ್ಲಿ ಹಲವು ಜಾಲತಾಣಗಳನ್ನು ನಡೆಸುವುದೂ ಹೀಗೆಯೇ.

ಮೊದಮೊದಲು ಈ ಅನುಕೂಲವಿರಲಿಲ್ಲ. ಒಂದೊಂದು ತಾಣಕ್ಕೂ ಬೇರೆಯೇ ಐಪಿ ವಿಳಾಸ ಬೇಕಿತ್ತು. 1997ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1 ನಿಯಮದಂತೆ, ಪುಟ ಕೇಳುವ ಬ್ರೌಸರ್ ತಾಣದ ಹೆಸರನ್ನೂ ಹೇಳಲೇಬೇಕು. ಅಪಾಚೆಯಂಥ ಸರ್ವರ್ ತಂತ್ರಾಂಶ ಆ ಹೆಸರು ನೋಡಿ ಆಯಾ ಮನೆಯಿಂದ ಪುಟ ತಂದುಕೊಡುತ್ತದೆ. ಬೀಗದ ಗುರುತಿನ ಸುರಕ್ಷಿತ ತಾಣಗಳಿಗೂ 2003ರಲ್ಲಿ ಇಂಥದೇ ನಿಯಮ ಬಂತು. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಉಚಿತವಾಗಿ ಕೊಡುತ್ತಿದೆ.

ವಿಳಾಸಗಳಿಗೇಕೆ ಅಷ್ಟು ಬರ? ಬ್ರಿಸ್ಬೇನಿನವರನ್ನು ಕೇಳಿ. ಭಾರತವೂ ಸೇರಿದ ಏಷ್ಯಾ ಪೆಸಿಫಿಕ್ ವಲಯಕ್ಕೆ ಐಪಿ ವಿಳಾಸ ಹಂಚುವ ಎಪಿನಿಕ್ ಸಂಸ್ಥೆ 1998ರಲ್ಲಿ ಟೋಕಿಯೋದಿಂದ ಅವರ ಊರಿಗೆ ಬಂತು. ಹಳೆಯ ಬಗೆಯ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 430 ಕೋಟಿ ಮಾತ್ರ. 2011ರ ಏಪ್ರಿಲ್ 15ರಂದು ಎಪಿನಿಕ್ ಕೊನೆಯ ಕಂತಿಗೆ ಕೈಹಾಕಿ, ಪಡಿತರದಂತೆ ಅಳೆದು ಕೊಡತೊಡಗಿತು.

ಇದೆಲ್ಲ ಮನೆಯಲ್ಲಿ ಆಗುವ ಕೆಲಸವೇ ಎನ್ನುತ್ತೀರಿ. ಪರ್ತಿನ ಐಐನೆಟ್ ಕಂಪನಿ 1993ರಲ್ಲಿ ಹುಟ್ಟಿದ್ದು ಪ್ಯಾಡ್‌ಬರಿಯ ಒಂದು ಮನೆಯ ಗ್ಯಾರೇಜಿನಲ್ಲಿ! ನಮಗೆ ಕಂಪನಿ ಬೇಡ. ಮೂಲೆಗೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪ್ ಸಾಕು. ಸಂಘಕ್ಕೊಂದು, ಕನ್ನಡ ಶಾಲೆಗೊಂದು, ಹಳೆಯ ಸ್ಮರಣ ಸಂಚಿಕೆಗಳಿಗೊಂದು ತಾಣ ಅದರಲ್ಲಿ ಹಾಯಾಗಿ ಇರಬಲ್ಲವು. ರೌಟರಿನಲ್ಲಿ 80 ಮತ್ತು 443ನೇ ಬಾಗಿಲುಗಳನ್ನು ಆ ಯಂತ್ರಕ್ಕೆ ತೆರೆಯಬೇಕು. ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವ ಕಂಪನಿಗಳೂ ಉಂಟು. ಹಾಗಿದ್ದರೆ ಸ್ವಂತದ, ಬದಲಾಗದ ವಿಳಾಸ ಕೇಳಿ ಪಡೆಯಬೇಕು. ಮೊದಲ ಸರ್ವರಿನ ಮೇಲೆ ಟಿಮ್ ಬರ್ನರ್ಸ್-ಲೀ ಅವರು ಅಂಟಿಸಿದ್ದಂತೆ "ಆರಿಸಬೇಡಿ" ಎಂಬ ಚೀಟಿಯನ್ನೂ ಅಂಟಿಸಿ. ನಮ್ಮ ಮನೆಗಳಲ್ಲಿ ಫೋನ್ ಚಾರ್ಜ್ ಮಾಡಲು ಯಾವ ಪ್ಲಗ್ಗನ್ನಾದರೂ ಕೀಳುತ್ತಾರೆ!

ಈಗ ನನ್ನದೊಂದು ತಪ್ಪೊಪ್ಪಿಗೆ. ಹಿಂದೆ ಒಂದು ಕನ್ನಡ ಶಾಲೆಯ ತಾಣ ನನ್ನ ಸುಪರ್ದಿಯಲ್ಲಿತ್ತು. ಅದರ ಹೆಸರು, ಬಾಡಿಗೆ ಎರಡೂ ನನ್ನ ಕಾರ್ಡಿನಲ್ಲಿದ್ದವು. ಕಾರ್ಡಿನ ಅವಧಿ ಮುಗಿಯಿತು, ಬಂದ ಕಾಗದ ನಾನು ನೋಡಲಿಲ್ಲ. ಮಕ್ಕಳಿಗೆ ಕತೆ ಹೇಳುತ್ತಿದ್ದ ಒಬ್ಬ ಅಜ್ಜಿಯ ಧ್ವನಿಮುದ್ರಣ ಅದರೊಂದಿಗೆ ಹೋಯಿತು. ಅವರು ತೀರಿಕೊಂಡು ಅಷ್ಟರಲ್ಲಿ ವರ್ಷವಾಗಿತ್ತು. ಅವರ ಮೊಮ್ಮಗಳು "ಇನ್ನೊಂದು ಪ್ರತಿ ಇಲ್ಲವೇ ಅಂಕಲ್?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಯಂತ್ರವನ್ನು ಮನೆಗೆ ತಂದಮಾತ್ರಕ್ಕೆ ಈ ಭಯ ತೀರುವುದಿಲ್ಲ. ವಠಾರದ ಬಾವಿ ಬತ್ತಿದರೆ ಎಲ್ಲ ಸಂಸಾರಕ್ಕೂ ನೀರಿಲ್ಲ. 2016ರ ಸೆಪ್ಟೆಂಬರ್ 28ರಂದು ಬಿರುಗಾಳಿಗೆ ನಮ್ಮ ರಾಜ್ಯಕ್ಕೆ ರಾಜ್ಯವೇ ಕತ್ತಲಾಯಿತು. 2019ರ ಜನವರಿಯಲ್ಲಿ ಅಡಿಲೇಡಿನ ಬಿಸಿಲು 46.6 ಡಿಗ್ರಿ ಮುಟ್ಟಿತು. ಅಂದು ಶೆಡ್ಡಿನಲ್ಲಿಟ್ಟ ಯಂತ್ರದ ಗತಿ ಊಹಿಸಿ. ಬ್ರಿಸ್ಬೇನ್ 2011ರಲ್ಲೂ 2022ರಲ್ಲೂ ನೆರೆ ಕಂಡಿದೆ. ಆದರೆ ಮೂರು ಊರುಗಳಿಗೂ ಒಂದೇ ದಿನ ಕಷ್ಟ ಬರುವುದು ಅಪರೂಪ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ನಮ್ಮ ತಾಣಗಳ ಪ್ರತಿ ಪರ್ತಿನಲ್ಲೊಂದು, ಬ್ರಿಸ್ಬೇನಿನಲ್ಲೊಂದು ಇರಲಿ, ಅವರದು ನಮ್ಮಲ್ಲಿರಲಿ. ತಾಣದ ಹೆಸರು ಸಂಘದ ಹೆಸರಿನಲ್ಲೇ ನೋಂದಣಿಯಾಗಲಿ, ಯಾವ ಕಾರ್ಯದರ್ಶಿಯ ಹೆಸರಿನಲ್ಲೂ ಬೇಡ. ಒಂದು ತಾಣಕ್ಕೆ ಕನ್ನ ಬಿದ್ದರೆ ಪಕ್ಕದವಕ್ಕೂ ಅಪಾಯ. ಆದ್ದರಿಂದ ಸದಸ್ಯರ ಫೋನ್ ನಂಬರು, ವಿಳಾಸಗಳನ್ನು ಆ ಯಂತ್ರದಲ್ಲಿ ಇಡುವುದೇ ಬೇಡ. ಬೀಗದ ಕೈ ಕನಿಷ್ಠ ಇಬ್ಬರ ಬಳಿ ಇರಲಿ, ಅವರಲ್ಲಿ ಒಬ್ಬರು ಇಲ್ಲಿ ಹುಟ್ಟಿ ಬೆಳೆದ ಮಕ್ಕಳಾಗಿರಲಿ. ಯಂತ್ರ ಅವರಿಗೆ ಗೊತ್ತು, ಕತೆ ನಮಗೆ ಗೊತ್ತು. ಎರಡೂ ಒಂದೇ ವಠಾರದಲ್ಲಿದ್ದರೆ ಇನ್ನೊಬ್ಬ ಅಜ್ಜಿಯ ದನಿ ಕಳೆದುಹೋಗದು.

ಊಟ ತಯಾರಾಗಿದೆಯಂತೆ, ಬನ್ನಿ.