ಬಾಲ್ಕನಿಗೆ ಬರಲಿ ಗುಬ್ಬಚ್ಚಿ

ಊರಿನ ಹೆಂಚಿನ ಮನೆಗಳಲ್ಲಿ, ಗೋಡೆಗೆ ಹಾಕಿದ ಪಟಗಳ ಹಿಂದೆ ಗುಬ್ಬಚ್ಚಿ ಗೂಡು ಕಟ್ಟುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಯಾರೂ ಅದನ್ನು ಕರೆದವರಲ್ಲ, ತಾನಾಗಿಯೇ ಬರುತ್ತಿತ್ತು. ಈಗ ದ್ವಾರಕಾ, ಮಯೂರ್ ವಿಹಾರ್, ನೋಯ್ಡಾದ ಫ್ಲ್ಯಾಟುಗಳಲ್ಲಿರುವ ನಾವು ಅದನ್ನು ಕರೆಯಬೇಕಾಗಿದೆ. ದೆಹಲಿ ಸರ್ಕಾರ 2012ರಲ್ಲಿ ಗುಬ್ಬಚ್ಚಿಯನ್ನು ರಾಜ್ಯಪಕ್ಷಿಯೆಂದು ಘೋಷಿಸಿತು. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತು 2020ರಲ್ಲಿ ಬಂದ ವರದಿಯ ಪ್ರಕಾರ ಒಟ್ಟು ದೇಶದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿತ್ತು, ಇಳಿದಿದ್ದುದು ಮಹಾನಗರಗಳಲ್ಲಿ. ಅಂದರೆ ಕೊರತೆ ಇರುವುದು ನಾವು ಬದುಕುವ ರೀತಿಯಲ್ಲೇ.

ಹಕ್ಕಿ ಬರಲೆಂದು ನಾವು ಮೊದಲು ಮಾಡುವ ಕೆಲಸ ಕಾಳು ಚೆಲ್ಲುವುದು. ಎರಡೇ ದಿನದಲ್ಲಿ ಪಾರಿವಾಳಗಳ ದಂಡು ಬಂದು ಬಾಲ್ಕನಿ ತನ್ನದೆನ್ನುತ್ತದೆ. ಅವುಗಳ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶಕ್ಕೆ ತೊಂದರೆ ಕೊಡುತ್ತದೆ. ಕೊನೆಗೆ ನಾವು ಬಲೆ ಹಾಕಿಸುತ್ತೇವೆ. ಪಾರಿವಾಳದ ಜೊತೆಗೆ ಉಳಿದ ಹಕ್ಕಿಗಳಿಗೂ ಬಾಗಿಲು ಮುಚ್ಚಿದಂತಾಗುತ್ತದೆ.

ನಿಜಕ್ಕೂ ಗುಬ್ಬಚ್ಚಿಗೆ ಬೇಕಾದದ್ದು ಬೇರೆ. ದೊಡ್ಡ ಗುಬ್ಬಚ್ಚಿ ಕಾಳು ತಿಂದು ಬದುಕುತ್ತದೆ, ಆದರೆ ಮರಿಗೆ ಮೊದಲ ದಿನಗಳಲ್ಲಿ ಮೆತ್ತನೆಯ ಹುಳುವೇ ಆಹಾರ. ಹುಳುವಿಲ್ಲದಿದ್ದರೆ ಮರಿ ಬದುಕುವುದು ಕಷ್ಟ. ಆದ್ದರಿಂದ ಕುಂಡದ ಗಿಡದಲ್ಲಿ ನಾಲ್ಕು ಹುಳು ಕಂಡ ಕೂಡಲೇ ಔಷಧಿ ಸಿಂಪಡಿಸಬೇಡಿ. ನಿಮಗೆ ಅದು ಕೀಟ, ಮರಿಗೆ ಅದೇ ತುತ್ತು.

ಕುಂಡಗಳಲ್ಲಿ ದಾಸವಾಳ, ಗೋರಂಟಿ, ನಿಂಬೆ, ನಮ್ಮ ಅಡುಗೆಗೆ ಹೇಗೂ ಬೇಕಾದ ಕರಿಬೇವು ಇರಲಿ. ಒತ್ತಾಗಿ ಬೆಳೆದ ಗಿಡಗಳಲ್ಲಿ ಗುಬ್ಬಚ್ಚಿಗೆ ಮರೆ ಸಿಗುತ್ತದೆ. ದಾಸವಾಳದ ಮಕರಂದಕ್ಕೆ ಸೂರಕ್ಕಿ, ಕರಿಬೇವಿನ ಹಣ್ಣಿಗೆ ಪಿಕಳಾರ ಬಂದಾವು. ಎಲೆಗಳನ್ನು ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿಗೂ ಇಂಥ ಗಿಡಗಳೇ ಇಷ್ಟ.

ಇನ್ನು ನೀರು. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 45 ಡಿಗ್ರಿ ಮುಟ್ಟುವುದುಂಟು. ಎರಡು ಅಂಗುಲ ಆಳದ, ಅಗಲವಾದ ಮಣ್ಣಿನ ತಟ್ಟೆಯನ್ನು ನೆರಳಿನಲ್ಲಿಡಿ. ಕಾಲೂರಲು ಒಂದು ಕಲ್ಲು ಹಾಕಿ. ದಿನವೂ ತಟ್ಟೆ ಉಜ್ಜಿ ತೊಳೆದು ನೀರು ಬದಲಿಸಿ. ಮರೆತರೆ ಅದೇ ಡೆಂಗೂ ಸೊಳ್ಳೆಯ ತೊಟ್ಟಿಲಾದೀತು.

ಕೊನೆಯದು ಗೂಡು. ಗಾಜು, ಕಾಂಕ್ರೀಟಿನ ಗೋಡೆಗಳಲ್ಲಿ ಗುಬ್ಬಚ್ಚಿಗೆ ಸಂದುಗಳಿಲ್ಲ. ಬಣ್ಣ ಬಳಿಯದ ಮರದ ಪೆಟ್ಟಿಗೆಯೊಂದನ್ನು ಹೋಳಿಗೆ ಮುಂಚೆಯೇ ತೂಗುಹಾಕಿ. ಬಾಯಿ ಒಂದೂಕಾಲು ಅಂಗುಲ ಸಾಕು. ಅದಕ್ಕಿಂತ ದೊಡ್ಡದಾದರೆ ಮೈನಾ ನುಗ್ಗೀತು. ನೇರ ಬಿಸಿಲು, ಬೆಕ್ಕು, ಫ್ಯಾನು ಮೂರರಿಂದಲೂ ದೂರವಿರಲಿ. ಒಳಗೆ ಮೊಟ್ಟೆ ಇದೆಯೋ ಎಂದು ಪದೇ ಪದೇ ಇಣುಕಬೇಡಿ. ಮಕ್ಕಳಿಗಂತೂ ಇದನ್ನು ಮೊದಲೇ ಹೇಳಿಡಿ.

ಇಷ್ಟೆಲ್ಲ ಮಾಡಿದರೂ ಮೊದಲ ವರ್ಷ ಯಾವ ಹಕ್ಕಿಯೂ ಬಾರದಿರಬಹುದು. ಬೇಸರ ಬೇಡ. ಪಕ್ಕದ ಮನೆಯವರಿಗೂ ಹೇಳಿ. ಗುಬ್ಬಚ್ಚಿ ಗುಂಪಿನಲ್ಲಿ ಬಾಳುವ ಹಕ್ಕಿ. ಒಂದು ಬಾಲ್ಕನಿಗಿಂತ ಹತ್ತು ಬಾಲ್ಕನಿಗಳು ಅದಕ್ಕೆ ಧೈರ್ಯ ಕೊಡುತ್ತವೆ. ಕಾಫಿ ಲೋಟ ಹಿಡಿದು ನಿಂತ ಒಂದು ಬೆಳಗ್ಗೆ ಚಿಂವ್ ಚಿಂವ್ ದನಿ ಕೇಳಿದರೆ, ಬಾಗಿಲು ತೆರೆಯುವ ಮುನ್ನ ಒಂದು ಗಳಿಗೆ ಸುಮ್ಮನೆ ನಿಲ್ಲಿ. ಮನೆಗೆ ನೆಂಟರು ಬಂದಿದ್ದಾರೆ.