ಬೆರಕೆಸೊಪ್ಪು ಬಿಡಿಸುವ ಮಕ್ಕಳು



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯಲ್ಲಿ ಮಳೆ ಬಿದ್ದೊಡನೆ ರಾಗಿ ಹೊಲದಲ್ಲೂ ಬದುಗಳಲ್ಲೂ ಅಣ್ಣೆ, ಗೋಣಿ, ಕೀರೆ ಮೊದಲಾದ ಸೊಪ್ಪುಗಳು ತಾವಾಗಿಯೇ ಏಳುತ್ತವೆ. ಇವೆಲ್ಲ ಕೂಡಿದರೆ ಬೆರಕೆಸೊಪ್ಪಿನ ಸಾರು. ಕೃಷಿಶಾಸ್ತ್ರ ಇವುಗಳನ್ನು ಕಳೆಯೆಂದು ಕರೆಯುತ್ತದೆ. ಅಡುಗೆಮನೆ ಎಂದೂ ಹಾಗೆ ಕರೆದಿಲ್ಲ.

ಸಾರಿನ ಜೊತೆಗಾರ ಮುದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿರುವ ಜಿಲ್ಲೆಯಲ್ಲಿ ಈ ಅಂತರ ಸಣ್ಣದಲ್ಲ. ಕ್ಯಾಲ್ಸಿಯಂ ಕೊರತೆಯಿರುವ ಮಗುವಿನ ಮೂಳೆಗಳಿಗೆ ಫ್ಲೋರೈಡಿನ ಹಾನಿ ಹೆಚ್ಚು. ಹಾಗೆಂದು ಮುದ್ದೆಯು ಶುದ್ಧ ನೀರಿಗೆ ಬದಲಿಯಲ್ಲ.

ರಾಗಿಗೂ ಒಂದು ಕೊರತೆಯುಂಟು. ಅದರಲ್ಲಿನ ಫೈಟಿಕ್ ಆಮ್ಲ ಕಬ್ಬಿಣಾಂಶವನ್ನು ದೇಹಕ್ಕೆ ಸುಲಭವಾಗಿ ಬಿಟ್ಟುಕೊಡದು. ಮೊಳಕೆ ಬರಿಸಿದರೆ ಆ ಆಮ್ಲ ತಗ್ಗುತ್ತದೆ. ಈ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು: ರಾತ್ರಿ ನೆನೆಸುವುದು, ಒದ್ದೆ ಬಟ್ಟೆಯಲ್ಲಿ ಕಟ್ಟುವುದು, ಆಗಾಗ ನೀರು ಚಿಮುಕಿಸಿ ಬಿಳಿಯ ಮೊಳಕೆ ಇಣುಕಿತೇ ಎಂದು ನೋಡುವುದು. ಒಣಗಿಸಿ, ಹುರಿದು, ಬೀಸಿದರೆ ಅಂಬಲಿಗೆ ಹಿಟ್ಟು ಸಿದ್ಧ. ಸೊಪ್ಪು ಬಿಡಿಸುವುದೂ ಅವರ ಪಾಲಿಗಿರಲಿ. ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು ಎಲೆಗಳ ಗುರುತು ಹೇಳಲಿ. ತಾನೇ ಬಿಡಿಸಿದ ಸೊಪ್ಪನ್ನು ತಟ್ಟೆಯಂಚಿಗೆ ಸರಿಸುವ ಮಗು ಅಪರೂಪ. ಉಣ್ಣುವಾಗ ಹಿಂಡಿದ ನಿಂಬೆರಸ ಕಬ್ಬಿಣ ಹೀರಿಕೆಗೆ ನೆರವಾಗುತ್ತದೆ.

ಎಚ್ಚರಿಕೆ ಬೇಕಾದುದು ಸೊಪ್ಪು ಕೀಳುವ ಜಾಗದ ಬಗ್ಗೆ. ಟೊಮೇಟೊ ತೋಟಕ್ಕೆ ಹೊಡೆದ ಔಷಧಿ ಬದುವಿನ ಸೊಪ್ಪಿನ ಮೇಲೂ ಬೀಳುತ್ತದೆ; ತೊಳೆದರೆ ಪೂರ್ತಿ ಹೋಗದು. ಅಂಥಲ್ಲಿಗೆ ಮಕ್ಕಳನ್ನು ಕಳುಹಿಸಲಾಗದು. ಶಾಲೆಯ ಹಿತ್ತಲಿನಲ್ಲಿ ನಾಲ್ಕು ಸಾಲು ರಾಗಿ ಬಿತ್ತಿ, ನಡುವೆ ಹುಟ್ಟಿದ ಸೊಪ್ಪನ್ನು ಕಿತ್ತೆಸೆಯದೆ ಬಿಟ್ಟರೆ ಮುಂದಿನ ಮಳೆಗಾಲಕ್ಕೇ ಸಾರಿಗಾಗುವಷ್ಟು ಸಿಕ್ಕೀತು.