ಮನೆ ಕಟ್ಟುವಾಗ ಹೊಗೆಯ ಲೆಕ್ಕ
(ಆತಗೂರಿನಲ್ಲಿ ಗಾರೆ ಕೆಲಸದವರ ಮುಂದೆ ಆಡಿದ ಮಾತು)



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮನೆ ಕಟ್ಟುವಾಗ ದುಡ್ಡಿನ ಲೆಕ್ಕ ಇಡುತ್ತೀರಿ. ಇವತ್ತು ಇನ್ನೊಂದು ಲೆಕ್ಕ ನೋಡೋಣ. ಅದು ಹೊಗೆಯ ಲೆಕ್ಕ.

ಒಲೆಯ ಹೊಗೆ ಅಲ್ಲ. ಇಟ್ಟಿಗೆ ಸುಡಲು ಸೌದೆ ಬೇಕು. ಸಿಮೆಂಟಿಗೆ ಸುಣ್ಣದ ಕಲ್ಲು ಸುಡಬೇಕು. ಕಬ್ಬಿಣಕ್ಕೆ ಕಲ್ಲಿದ್ದಲು ಬೇಕು. ಲಾರಿಗೆ ಡೀಸೆಲ್ ಬೇಕು. ವಾಸಕ್ಕೆ ಬಂದ ಮೇಲೆ ಫ್ಯಾನು, ದೀಪ. ಕೊನೆಗೆ ಕೆಡವಲು ಜೆಸಿಬಿ. ಹುಟ್ಟಿನಿಂದ ಸಾವಿನ ತನಕ ಮನೆಗೆ ಹೊಗೆ ಇದ್ದೇ ಇದೆ. ಆ ಹೊಗೆಯಲ್ಲಿ ಕಣ್ಣಿಗೆ ಕಾಣದ ಇಂಗಾಲದ ಅನಿಲ ಇರುತ್ತದೆ. ಅದು ಹೆಚ್ಚಿದಷ್ಟೂ ಭೂಮಿ ಬಿಸಿಯಾಗುತ್ತದೆ. ಮಳೆ ಏರುಪೇರಾಗುತ್ತದೆ. ಮಳೆ ನಂಬಿದ ರಾಗಿ ಹೊಲಕ್ಕೆ ಪೆಟ್ಟು ಬೀಳುತ್ತದೆ.

ನಮ್ಮ ಮನೆಯ ತಪ್ಪನ್ನೇ ಹೇಳುತ್ತೇವೆ. ನಮ್ಮದು ಮಣ್ಣಿನ ಗೋಡೆ, ನಾಡಹೆಂಚಿನ ಮನೆ. ತಮ್ಮನ ಮದುವೆಗೆ ಮುಂಚೆ ತಾರಸಿ ಆಗಲಿ ಅಂತ ಕೆಡವಿಸಿದೆವು. ಹಳೆ ತೊಲೆ ಸೌದೆಯಾಯಿತು. ಹೆಂಚು, ಕಲ್ಲು ಹಳ್ಳಕ್ಕೆ ಹೋದವು. ಈಗ ಬೇಸಿಗೆಯಲ್ಲಿ ಒಳಗೆ ಕೂರೋಕಾಗಲ್ಲ. ಸಾಲವೂ ತೀರಿಲ್ಲ. 'ಹಳೇ ಮನೇಲಿ ತಂಪಿತ್ತು ಕಣ್ರಪ್ಪಾ' ಅಂತಾರೆ ನಮ್ಮಜ್ಜಿ.

ಹಾಗಾದರೆ ಏನು ಮಾಡೋಣ?

ಒಂದು, ಗಟ್ಟಿ ಇರುವ ಮನೆ ಕೆಡವಬೇಡಿ. ರಿಪೇರಿ ಮಾಡಿ. ಕೆಡವಲೇಬೇಕಾದರೆ ಬಾಗಿಲು, ಹೆಂಚು, ಚಪ್ಪಡಿ ಎತ್ತಿಟ್ಟು ಮತ್ತೆ ಬಳಸಿ.

ಎರಡು, ಸುಡದ ಇಟ್ಟಿಗೆ ಬಳಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರ ಶುರುವಾಯಿತು. ವಿಜ್ಞಾನವನ್ನು ಹಳ್ಳಿಗೆ ತರುವುದು ಅದರ ಕೆಲಸ. ಪ್ರೊಫೆಸರ್ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಅಲ್ಲಿ ಮಣ್ಣಿನ ಇಟ್ಟಿಗೆಯ ಮೇಲೆ ಕೆಲಸ ಮಾಡಿದರು. ಮಣ್ಣು, ಮರಳಿಗೆ ನೂರಕ್ಕೆ 7–8 ಪಾಲು ಸಿಮೆಂಟ್ ಬೆರೆಸಬೇಕು. ಕೈಯಂತ್ರದಲ್ಲಿ ಒತ್ತಬೇಕು. ಮೂರು ನಾಲ್ಕು ವಾರ ನೀರು ಹಾಕಬೇಕು. ಸುಟ್ಟ ಇಟ್ಟಿಗೆಗೆ ಬೇಕಾದ ಶಕ್ತಿಯ ಅರ್ಧವೂ ಇದಕ್ಕೆ ಬೇಡ. ಆದರೆ ಎರೆಮಣ್ಣು ಹಾಗೇ ಒಗ್ಗುವುದಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ.

ಮೂರು, ಸಿಮೆಂಟ್ ಪೋಲು ಮಾಡಬೇಡಿ. 50 ಕಿಲೋದ ಒಂದು ಮೂಟೆ ತಯಾರಾಗುವಾಗ ಸುಮಾರು 30 ಕಿಲೋ ಇಂಗಾಲದ ಅನಿಲ ಹೊರಗೆ ಬರುತ್ತದೆ. 20 ಮೂಟೆ ಉಳಿಸಿದರೆ ಎಷ್ಟು? 20 ಸಲ 30, ಅಂದರೆ 600 ಕಿಲೋ! ಬೇಕಾದಷ್ಟೇ ಗಾರೆ ಕಲಸಿ. ಹಾರುಬೂದಿ ಬೆರೆತ ಪಿಪಿಸಿ ಸಿಮೆಂಟಿಗೆ ಹೊಗೆ ಕಡಿಮೆ. ಆದರೆ ಕಂಬಕ್ಕೆ, ತಾರಸಿಗೆ ಹಾಕುವ ಸಿಮೆಂಟನ್ನು ಕಡಿಮೆ ಮಾಡಬೇಡಿ. ಅದು ಜೀವದ ಪ್ರಶ್ನೆ.

ನಾಲ್ಕು, ಎದುರುಬದುರು ಕಿಟಕಿ ಇಡಿ. ಕಿಟಕಿಗೆ ಸಜ್ಜ ಹಾಕಿ. ಗಾಳಿ ಆಡಿದರೆ ಫ್ಯಾನಿಗೆ ಕೆಲಸ ಕಡಿಮೆ.

ನೀವು ದೊಡ್ಡ ಕಂಪನಿಯವರಲ್ಲ ನಿಜ. ಆದರೆ ನಮ್ಮ ಊರಿನ ಮನೆ ಕಟ್ಟುವವರು ನೀವೇ. ಮೇಸ್ತ್ರಿ ಹೇಳಿದ ಮಾತನ್ನು ಮನೆಯವರು ಕೇಳುತ್ತಾರೆ. ನಮಗೆ ಅಂದು ಯಾರೂ ಹೇಳಲಿಲ್ಲ. ನೀವು ಹೇಳಿ.

ಈಗ ಬರೆಯಲು ಕಲಿತಿದ್ದೀರಿ. ನಿಮ್ಮ ಪುಸ್ತಕದಲ್ಲಿ ದುಡ್ಡಿನ ಪಕ್ಕ ಇನ್ನೊಂದು ಗೆರೆ ಎಳೆಯಿರಿ. ಎಷ್ಟು ಮೂಟೆ ಬಂತು, ಎಷ್ಟು ಉಳಿಯಿತು, ಹಳೆಯದು ಏನು ಮತ್ತೆ ಬಳಸಿದೆವು ಅಂತ ಬರೆಯಿರಿ. ದುಡ್ಡೂ ಉಳಿಯುತ್ತದೆ, ಹೊಗೆಯೂ ಇಳಿಯುತ್ತದೆ.

ಬನ್ನಿ, ಇವತ್ತೇ ಶುರು ಮಾಡೋಣ.